ಟ್ರಸ್ಟ್ ಆಸ್ಪತ್ರೆಯಲ್ಲಿ ಡ್ಯೂಟಿ ಹಂಚುವ ಮೊದಲು

‘ಸೇವೆ’ ಅಂತ ಹೇಳಿ ಆಯಾಗಳ ಮೇಲೇ ಜಾಸ್ತಿ ಕೆಲಸ ಹೇರಬೇಡಿ. ಹಿಂದಿನ ಮೂರು ತಿಂಗಳ ಡ್ಯೂಟಿ ಚಾರ್ಟ್ ತೆಗೆದು, ನೈಟ್ ಶಿಫ್ಟ್ ಯಾರಿಗೆ ಎಷ್ಟು ಬಿದ್ದಿದೆ ಅಂತ ಎಣಿಸಿ. ಅಂಕೋಲಾದಿಂದ ಕಾರವಾರಕ್ಕೆ ಬಸ್ಸಲ್ಲಿ ಬರುವವರು ಜುಲೈ ಮಳೆಯಲ್ಲಿ, ರಾತ್ರಿ ಎಂಟರ ಮೇಲೆ, ಒದ್ದೆ ಸೀರೆಯಲ್ಲೇ ಬಸ್ಸಿಗೆ ಕಾಯಬೇಕಾಗುತ್ತದೆ ಅಲ್ವಾ, ಅವರನ್ನೇ ಕೇಳಿ ಸಮಯ ಇಡಿ.

ಚಹಾ ಕುಡಿಯುವ ಜಾಗ ನೋಡಿ. ಕಸ ಗುಡಿಸುವವರ ಲೋಟ ಕಿಟಕಿ ಮೇಲೆ ಬೇರೆ ಇದ್ದರೆ ಇವತ್ತೇ ತೆಗೆಸಿ. ಇದಕ್ಕೆ ಮೀಟಿಂಗ್ ಬೇಡ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದರೆ, 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಬೇಕೇ ಬೇಕು. ಹಿರಿಯ ಮಹಿಳಾ ಸಿಬ್ಬಂದಿಯೇ ಅದರ ಅಧ್ಯಕ್ಷೆ, ಹೊರಗಿನವರೊಬ್ಬರು ಸದಸ್ಯರು. ದೂರು ಕೊಡಲು ಘಟನೆ ನಡೆದ ದಿನದಿಂದ 3 ತಿಂಗಳು ಸಮಯ. ಸದಸ್ಯರ ಹೆಸರು, ಫೋನ್ ನಂಬರ್ ಕನ್ನಡದಲ್ಲಿ ಬರೆದು ಆಯಾಗಳು ಬಟ್ಟೆ ಬದಲಿಸುವ ಕೋಣೆಯಲ್ಲೂ ಅಂಟಿಸಿ.