ಓಝರ್‌ನಿಂದ ಬೆಳಗಾವಿಗೆ ಎಷ್ಟು ಹೊತ್ತು? ಕ್ಯಾಲ್ಕುಲೇಟರ್ ಸಾಕು

ಪುಣೆಯಲ್ಲಿ ಚಾರ್ಟರ್ (ಇಡೀ ಬಾಡಿಗೆಗೆ ಕೊಡುವ) ವಿಮಾನಗಳಿಗೆ ಕೋಟೇಶನ್ ಬರೆಯುವುದು ನನ್ನ ಕೆಲಸ. ಗಿರಾಕಿ ಫೋನ್ ಇಡುವುದರೊಳಗೆ ರೇಟ್ ಹೇಳಬೇಕು. ಇಲ್ಲದಿದ್ದರೆ ಅವರು ಮುಂಬೈಯವರನ್ನು ಕೇಳುತ್ತಾರೆ. ಅದಕ್ಕೇ ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಾಕಿದರೆ ನಡುವಿನ ದೂರ ಹೇಳುವ ಒಂದು ಎಕ್ಸೆಲ್ ಶೀಟನ್ನು ನಾನೇ ಮಾಡಿಕೊಂಡೆ.

ಮೊದಲ ದಿನ ಸೈನ್, ಕೊಸೈನ್ ಒಳಗೆ ಡಿಗ್ರಿಯನ್ನೇ ತುಂಬಿದೆ. ಎಕ್ಸೆಲ್ ಕೇಳುವುದು ರೇಡಿಯನ್, ಅಂದರೆ ಕೋನದ ಇನ್ನೊಂದು ಅಳತೆ. ಶಿರಡಿಯಿಂದ ಕೊಲ್ಹಾಪುರಕ್ಕೆ 19 ಸಾವಿರ ಕಿ.ಮೀ. ಬಂತು! ಅದನ್ನು ಸರಿಮಾಡಿದ ಮೇಲೆ 181 ನಾಟಿಕಲ್ ಮೈಲಿ (ಒಂದು ಅಂದರೆ 1.852 ಕಿ.ಮೀ.; ಮುಂದೆ ಬರುವ ಮೈಲಿಗಳೆಲ್ಲ ಇವೇ). ಗೂಗಲ್ ಅರ್ಥ್‌ನಲ್ಲಿ ಅಳೆದರೂ ಅಷ್ಟೇ. ನಂಬಿಬಿಟ್ಟೆ.

ನಂಬಬಾರದಿತ್ತು. ಪುಣೆಯಿಂದ ಖಾಲಿ ಹೋಗಿ, ನಾಸಿಕ್ ಹತ್ತಿರದ ಓಝರ್‌ನಲ್ಲಿ ಜನರನ್ನು ಹತ್ತಿಸಿ, ಬೆಳಗಾವಿಯಲ್ಲಿ ಇಳಿಸಿ ವಾಪಸ್ ಬರುವ ಕೆಲಸ. ಶೀಟ್ ಹೇಳಿದ್ದು ಒಟ್ಟು 558 ಮೈಲಿ. ನಿಜವಾಗಿ 519. ಡಿಗ್ರಿಗೆ 60 ಮಿನಿಟ್ ಎಂಬುದನ್ನು ಮರೆತು ನಾನು ಓಝರ್‌ನ 20 ಡಿಗ್ರಿ 7 ಮಿನಿಟನ್ನು 20.07 ಎಂದು, ಬೆಳಗಾವಿಯ 15 ಡಿಗ್ರಿ 51 ಮಿನಿಟನ್ನು 15.51 ಎಂದು ಬರೆದಿದ್ದೆ. ಶಿರಡಿ-ಕೊಲ್ಹಾಪುರದಲ್ಲಿ ಎರಡೂ ಕಡೆಯ ತಪ್ಪು ಒಂದನ್ನೊಂದು ನುಂಗಿ ಸುಮ್ನೆ ಸರಿ ಕಂಡಿತ್ತು. ಗಂಟೆಗೆ ಆಗ ಸುಮಾರು 90 ಸಾವಿರ. 11 ನಿಮಿಷ ಜಾಸ್ತಿ, ಅಂದರೆ 16 ಸಾವಿರ, ಮೇಲೆ ಜಿಎಸ್‌ಟಿ. ಗಿರಾಕಿ ಕೈಬಿಟ್ಟರು.

ಆಮೇಲೆ ಶೀಟನ್ನೇ ಬಿಟ್ಟೆ. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, ಅಲ್ವಾ? ಪುಣೆ 18 ಡಿಗ್ರಿ 35, ಓಝರ್ 20 ಡಿಗ್ರಿ 7, ರೇಖಾಂಶ ಹೆಚ್ಚುಕಡಿಮೆ ಒಂದೇ. ಕಳೆದರೆ 92. ಮುಗಿಯಿತು. ಓಝರ್-ಬೆಳಗಾವಿಗೆ ರೇಖಾಂಶದಲ್ಲಿ 42 ಮಿನಿಟ್ ವ್ಯತ್ಯಾಸ ಇದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ, ಅದಕ್ಕೆ ಇಲ್ಲಿನ ಅಕ್ಷಾಂಶದ ಕೊಸೈನ್ ಆದ 0.95ರಿಂದ ಗುಣಿಸಿದೆ, 40. ಅಕ್ಷಾಂಶದ್ದು 255 ಚಿಲ್ಲರೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 259 ಮೈಲಿ, ಅಂದರೆ ಸುಮಾರು 480 ಕಿ.ಮೀ. ಭೂಮಿ ಚಪ್ಪಟೆ ಅಂದುಕೊಂಡು ಮಾಡಿದ ಲೆಕ್ಕ ಇದು, ಗೊತ್ತು. ನಮ್ಮ ಈ ಸಣ್ಣ ದೂರಗಳಲ್ಲಿ ಒಂದೆರಡು ಮೈಲಿಗಿಂತ ಜಾಸ್ತಿ ತಪ್ಪಿಲ್ಲ.

ನಮ್ಮ ಧಾರವಾಡದ ಕ್ಯಾಪ್ಟನ್ ನಕ್ಕರು. "ಏನ್ರೀ, ಈ ಲೆಕ್ಕ ನಂಬಿ ನಾ ವಿಮಾನ ಹಾರಿಸ್ಬೇಕೇನ್ರಿ?"

"ಹಾರಿಸ್‌ಬ್ಯಾಡ್ರಿ ಸಾಹೇಬ್ರ, ರೇಟ್ ಹೇಳಾಕ ಸಾಕು."

259 ಮೈಲಿಯನ್ನು ನಮ್ಮ ಕಿಂಗ್ ಏರ್ ಸಿ90 ವಿಮಾನದ ವೇಗ 220 ನಾಟ್‌ನಿಂದ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಭಾಗಿಸಿದರೆ 70 ನಿಮಿಷ ಚಿಲ್ಲರೆ. ಟ್ಯಾಕ್ಸಿ, ಮೇಲೇರುವುದು, ಇಳಿಯಲು ಸುತ್ತು ಹಾಕುವುದು, ಇವಕ್ಕೆ 14 ಸೇರಿಸಿದೆ. 1 ಗಂಟೆ 24 ನಿಮಿಷ ಎಂದೆ. ಮುಂದಿನ ಸಲ ಅದೇ ಹಾದಿಯಲ್ಲಿ ಹೋದಾಗ ಲಾಗ್‌ನಲ್ಲಿ 1:26 ಬಂತೆಂದು ನೆನಪು. ಕ್ಯಾಪ್ಟನ್ ಏನೂ ಮಾತಾಡಲಿಲ್ಲ, ಚಹಾ ಹೇಳಿದರು. ಆದರೆ ಈ 14 ಎಲ್ಲ ಕಡೆಗೂ ನಡೆಯುವುದಿಲ್ಲ. ಪುಣೆಯ ಲೋಹೆಗಾಂವ್ ವಾಯುಪಡೆಯ ನಿಲ್ದಾಣ, ಅಲ್ಲಿ ಕಾಯುವುದು ಇದ್ದದ್ದೇ. ಅದಕ್ಕೆ ಎಷ್ಟು ಕೂಡಿಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಒಂದು ಭಾನುವಾರ ಗಾಳಿಯನ್ನೂ ಹಿಡಿದು ನೋಡಿದೆ, ಕಾಗದದ ಮೇಲೆ. ಕೊಲ್ಹಾಪುರದಿಂದ ತೋರಣಗಲ್ಲಿನ ವಿದ್ಯಾನಗರಕ್ಕೆ 162 ಮೈಲಿ, 110 ನಾಟ್‌ನ ಸಣ್ಣ ಸೆಸ್ನಾ ವಿಮಾನ, ಹೋಗುವಾಗ ನೇರ ಬೆನ್ನಿಗೆ, ಬರುವಾಗ ನೇರ ಎದುರಿಗೆ 25 ನಾಟ್ ಗಾಳಿ. ಹೋಗಲು 72 ನಿಮಿಷ, ಬರಲು 114. ಗಾಳಿ ಇಲ್ಲದಿದ್ದರೆ ಎರಡೂ ಕಡೆಗೆ 88. ಹೋಗುವಾಗ ಉಳಿಸಿದ್ದು 16, ಬರುವಾಗ ಕಳೆದದ್ದು 26. ಹೋಗಿ ಬರುವ ಬುಕಿಂಗ್‌ನಲ್ಲಿ ಗಾಳಿಗೆ ಗಾಳಿ ಸರಿಹೋಗುತ್ತದೆ ಎಂದು ಅಷ್ಟು ದಿನ ಬಿಟ್ಟುಬಿಡುತ್ತಿದ್ದೆ. ಎಷ್ಟು ಸಾವಿರ ಹೀಗೆ ಹೋಗಿರಬಹುದೋ, ಹಳೆಯ ಬಿಲ್‌ಗಳನ್ನು ತೆಗೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.