ಕುಡಿತ ಬಿಡಲು ಕೋಲಾರದಿಂದ ಬೆಂಗಳೂರಿಗೆ ಹೋಗಿ ಕೂತ ನನ್ನ ಮೊದಲ ಎಎ ಮೀಟಿಂಗ್

ನಾನು ಕೋಲಾರದ ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಬೆಳಗ್ಗೆ ಹರಾಜು ಮುಗಿದು, ರೈತರ ಬಿಲ್ಲು ಬರೆದರೆ ಮಧ್ಯಾಹ್ನದ ಹೊತ್ತಿಗೆ ಕೈ ಖಾಲಿ. ಹನ್ನೆರಡು ವರ್ಷ ಆ ಹೊತ್ತಿಗೆ ಕಾಲು ತಾನಾಗೇ ಬಾರ್ ಕಡೆ ತಿರುಗುತ್ತಿತ್ತು. ಮೊದಲು ನೈಂಟಿ, ಆಮೇಲೆ ಕ್ವಾರ್ಟರ್. ಕೊನೆಯ ಎರಡು ವರ್ಷ ಪೆನ್ನು ಹಿಡಿದರೆ ಕೈ ನಡುಗಬಾರದು ಅಂತ ಬೆಳಗ್ಗೆಯೇ ಕುಡಿಯುತ್ತಿದ್ದೆ.

ಬಿಡಲು ನೋಡಲಿಲ್ಲ ಅಂತಲ್ಲ. ಶುರುವಿನ ವರ್ಷಗಳಲ್ಲಿ ಎರಡು ಸಲ ಅಯ್ಯಪ್ಪ ಮಾಲೆ ಹಾಕಿದೆ. 41 ದಿನ ಮುಟ್ಟಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನವೇ ಮತ್ತೆ ಹೋದೆ. ಒಮ್ಮೆ ಮನೆಯವರು ಯಾರದೋ ಮಾತು ಕೇಳಿ ನನಗೆ ಗೊತ್ತಿಲ್ಲದೆ ಸಾರಿಗೆ ಏನೋ ಪುಡಿ ಬೆರೆಸಿದರು. ವಾಂತಿ ಮಾಡಿಕೊಂಡು ಮೂರು ದಿನ ಮಲಗಿದೆ, ಎದ್ದು ಮತ್ತೆ ಕುಡಿದೆ. ದಯವಿಟ್ಟು ಯಾರೂ ಹಾಗೆ ಕದ್ದು ಔಷಧಿ ಹಾಕಬೇಡಿ.

ಕೊನೆಗೆ ಒಂದು ದಿನ ರೋಷದಲ್ಲಿ ಪೂರ್ತಿ ನಿಲ್ಲಿಸಿಬಿಟ್ಟೆ. ಮಾರನೇ ರಾತ್ರಿ ಫಿಟ್ಸ್ ಬಂತು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ವರ್ಷಗಟ್ಟಲೆ ದಿನಾ ಕುಡಿದವನು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರು ನಾಲ್ಕನೇ ದಿನಕ್ಕೆ ಇಲ್ಲದ್ದೆಲ್ಲ ಕಾಣಿಸಿ, ಬಡಬಡಿಸಿ, ಜೀವಕ್ಕೇ ಕುತ್ತು ಬರಬಹುದು ಅಂತ ನನಗೆ ತಿಳಿದಿದ್ದೇ ಅಲ್ಲಿ. ಅದಕ್ಕೇ ಮೀಟಿಂಗ್‌ಗಿಂತ ಮೊದಲು ಡಾಕ್ಟರ್. ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಎಲ್ಲ ಆದ ಮೇಲೆ ಮನೆಗೆ ಕಳಿಸುವಾಗ ಡಾಕ್ಟರ್ ಒಂದೇ ಮಾತು ಕೇಳಿದರು: "ಮಂಡಿ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗ್ತೀರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಎಲ್ಲರೂ ಎಎ ಅನ್ನುತ್ತಾರೆ, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಕೂಟ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ್ದು.

ಆ ಚೀಟಿ ಹದಿನೈದು ದಿನ ಜೇಬಿನಲ್ಲೇ ಇತ್ತು. ಆಮೇಲೆ ಎಎ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಎತ್ತಿದವರೂ ಕುಡಿತ ಬಿಟ್ಟವರೇ, ಅದು ನನಗೆ ಗೊತ್ತಿರಲಿಲ್ಲ. ಕನ್ನಡದ ಮೀಟಿಂಗ್ ಇದೆಯಾ, ಹೆಸರು ಬರೆಸಬೇಕಾ, ಎಷ್ಟು ದುಡ್ಡು ಅಂತ ಕೇಳಿದೆ. ಇದೆ, ಬೇಡ, ಏನೂ ಇಲ್ಲ ಅಂದರು. ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಇದನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ಜಿಲ್ಲೆಯಲ್ಲೇ ಒಂದು ಮೀಟಿಂಗ್ ಇದೆ ಅಂತಲೂ ಹೇಳಿದರು. ಬೇಡ, ಬೆಂಗಳೂರಿನದೇ ಹೇಳಿ ಅಂದೆ. ಗುರುತಿನವರು ನೋಡಿದರೆ?

ಭಾನುವಾರ ಬಸ್ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್. ಒಂದು ಚರ್ಚ್ ಹಿಂದಿನ ಕೋಣೆ. ಹೊರಗೆ ಇಪ್ಪತ್ತು ನಿಮಿಷ ನಿಂತಿದ್ದೆ. ವಾಪಸ್ ಹೊರಟೂ ಇದ್ದೆ. ಅಷ್ಟರಲ್ಲಿ ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ ಹಿರಿಯರೊಬ್ಬರು ಬಂದು, "ಹೊಸಬ್ರಾ? ಬನ್ನಿ, ಟೀ ಕುಡೀರಿ" ಅಂದರು. ಯಾವ ಊರು, ಏನು ಕೆಲಸ, ಏನೂ ಕೇಳಲಿಲ್ಲ.

ಒಳಗೆ ಹದಿನೈದು ಜನ ಇದ್ದರು. ಒಬ್ಬೊಬ್ಬರೇ ಹೆಸರು ಹೇಳಿ, ನಾನೊಬ್ಬ ಆಲ್ಕೊಹಾಲಿಕ್ ಅಂತ ಹೇಳಿ, ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನನ್ನ ಸರದಿ ಬಂದಾಗ "ಇವತ್ತು ಸುಮ್ನೆ ಕೇಳ್ತೀನಿ" ಅಂದೆ. ಸರಿ ಅಂದರು, ಅಷ್ಟೇ. ಕೊನೆಗೆ ಖರ್ಚಿಗೆ ಅಂತ ಒಂದು ಡಬ್ಬಿ ಸುತ್ತುತ್ತದೆ, ಹೊಸಬರು ಹಾಕಬೇಕಾಗಿಲ್ಲ. ಪ್ರಾರ್ಥನೆಯೂ ಇದೆ. ದೇವರು ಅಂದರೆ ನಿಮಗೆ ತಿಳಿದ ಹಾಗೆ ಅನ್ನುತ್ತಾರೆ, ನಾನು ನಮ್ಮ ಕೋಲಾರಮ್ಮನನ್ನು ನೆನೆದೆ. ಒಬ್ಬ ಆಟೋ ಡ್ರೈವರ್, ಮಗಳ ಸ್ಕೂಲ್ ಫೀಸಿಗೆ ಇಟ್ಟ ದುಡ್ಡು ಕುಡಿದ ದಿನದ ಬಗ್ಗೆ ಮಾತಾಡಿದರು. ನಾನೂ ಅದನ್ನೇ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ತಲೆ ತಗ್ಗಿಸಿ ಅತ್ತೆ. ಜೀವನಪೂರ್ತಿ ಅಂತ ಯೋಚಿಸಬೇಡಿ, ಇವತ್ತೊಂದು ದಿನ ಕುಡಿಯಬೇಡಿ ಅಂತ ಹೇಳಿ ಇಬ್ಬರು ಫೋನ್ ನಂಬರ್ ಕೊಟ್ಟರು.

ಆರು ವಾರ ಹೀಗೇ ಹೋಗಿ ಬಂದೆ. ಬಸ್ ಖರ್ಚು ಜಾಸ್ತಿ ಆಯಿತು, ಪೂರ್ತಿ ದಿನ ಹೋಗುತ್ತಿತ್ತು. ಒಂದು ರಾತ್ರಿ ನನ್ನ ಹೆಂಡತಿ ಕೇಳಿದಳು, "ಬಸ್ ಸ್ಟ್ಯಾಂಡ್‌ನಲ್ಲಿ ಬಿದ್ದಿದ್ದಾಗ ಊರೆಲ್ಲ ನಿಮ್ಮನ್ನ ನೋಡಿದೆ. ಈಗ ಯಾರಿಂದ ಮುಚ್ಚಿಡ್ತಿದ್ದೀರಿ?" ನಿಜ ಅಲ್ವಾ. ಕುಡಿಯುವಾಗ ಯಾರಿಗೂ ಹೆದರದವನು, ಬಿಡುವಾಗ ಊರಿಗೆಲ್ಲ ಹೆದರಿದ್ದೆ.

ಆ ವಾರವೇ ನಮ್ಮ ಜಿಲ್ಲೆಯ ಮೀಟಿಂಗ್‌ಗೆ ಹೋದೆ. ಗುರುತಿನವರು ಇದ್ದರು, ಇಬ್ಬರು. ಒಬ್ಬರು ನಮ್ಮ ಮಂಡಿಗೇ ಟೊಮೇಟೊ ತರುವ ರೈತರು. ನನ್ನನ್ನು ನೋಡಿ ಪಕ್ಕದ ಕುರ್ಚಿ ಎಳೆದು ಕೊಟ್ಟರು. ಮಂಡಿಯಲ್ಲಿ ಎದುರಾದರೆ ಇವತ್ತಿಗೂ ಆ ವಿಷಯ ಎತ್ತುವುದಿಲ್ಲ.

ಮೊದಲ ಮೀಟಿಂಗ್‌ಗೆ ಹೋಗಿ ಈಗ ಒಂದು ವರ್ಷ ನಾಲ್ಕು ತಿಂಗಳು. ಮಧ್ಯೆ ಒಮ್ಮೆ, ಮದುವೆಯೊಂದರಲ್ಲಿ, ಜಾರಿದೆ. ಮುಂದಿನ ವಾರ ಹೋಗಿ ಹಾಗೇ ಹೇಳಿದೆ, ಮತ್ತೆ ಒಂದನೇ ದಿನದಿಂದ ಎಣಿಸಿದೆ. ನಂಬರ್ ಬೇಕಾದವರು 14446ಕ್ಕೆ ಮಾಡಿ, ಅದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಮನಸ್ಸು ತೀರಾ ಕೆಟ್ಟಾಗ 14416, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಮೀಟಿಂಗ್ ಇದೆ. ನನ್ನ ಹೆಂಡತಿ ಎರಡು ಸಲ ಹೋದಳು, ಆಮೇಲೆ ಹೋಗಲಿಲ್ಲ. ಬಲವಂತ ಮಾಡಲಿಲ್ಲ. ಸಂಬಳ ಅವಳ ಕೈಗೇ ಕೊಡುತ್ತೇನೆ, ಗಾಡಿ ಕೀ ಇನ್ನೂ ಅವಳ ಹತ್ತಿರವೇ ಇದೆ.