ಟೆರರ್ ಬರ್ಡ್‌ಗಳ ವಂಶವೃಕ್ಷ ಬರೆಯುವ ಬಗೆ

ಸಿರುಗುಪ್ಪದ ಎರೆ ಹೊಲಗಳಲ್ಲಿ ಎರೆಭೂತ ಹಕ್ಕಿಯನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಡವರಿಗೆ ದಕ್ಷಿಣ ಅಮೆರಿಕದ ಸೀರಿಯೆಮಾ ಹಕ್ಕಿಯ ಚಿತ್ರ ತೋರಿಸಿದರೆ, ಎರಡೂ ಒಂದೇ ಬಳಗದವೆಂದು ಹೇಳಿಬಿಡುತ್ತಾರೆ. ಉದ್ದ ಕಾಲು, ನೀಳ ಕೊರಳು, ಹಾರುವುದಕ್ಕಿಂತ ನಡೆಯುವುದರಲ್ಲೇ ಒಲವು. ಅವರನ್ನು ದೂರುವಂತಿಲ್ಲ, ಪಕ್ಷಿಶಾಸ್ತ್ರಜ್ಞರೂ ಬಹುಕಾಲ ಇವೆರಡನ್ನೂ ಕ್ರೌಂಚಗಳ ಗಣದಲ್ಲಿಯೇ ಇಟ್ಟಿದ್ದರು. ಆದ್ದರಿಂದ ಅಳಿದುಹೋದ ಫೋರಸ್ರಾಸಿಡೇ ಕುಟುಂಬದ, ಅಂದರೆ ಸೀರಿಯೆಮಾದ ನೆಂಟರೆನಿಸಿದ, ಹಾರಲಾರದ ಬೇಟೆ ಹಕ್ಕಿಗಳಾದ ಟೆರರ್ ಬರ್ಡ್‌ಗಳ, ವಂಶವೃಕ್ಷವನ್ನು ತರಗತಿಯಲ್ಲಿ ಬರೆಸುವಾಗ ಮೇಲ್ನೋಟದ ಹೋಲಿಕೆಯನ್ನು ನಂಬಿ ಗೆರೆ ಎಳೆಯಲು ಬಿಡಬಾರದು.

ಡ್ರಾಯಿಂಗ್ ಹಾಳೆಯ ಬುಡದಿಂದ ಪೆನ್ಸಿಲ್ಲಿನಲ್ಲಿ ಒಂದು ಕಾಂಡ ಎಳೆಯಿರಿ. ಅದರಿಂದ ಮೊದಲು ಕವಲೊಡೆಯುವುದು ಸೀರಿಯೆಮಾಗಳ ಕೊಂಬೆ, ಆಮೇಲೆ ಫಾಲ್ಕನ್‌ಗಳದು, ಉಳಿದ ಕಾಂಡ ತುದಿಯಲ್ಲಿ ಎರಡಾಗಿ, ಒಂದರಲ್ಲಿ ಗಿಳಿಗಳೂ ಇನ್ನೊಂದರಲ್ಲಿ ಗುಬ್ಬಿ, ಕಾಗೆ, ಗೊರವಂಕಗಳೂ ಕೂರುತ್ತವೆ. 169 ಜಾತಿಯ ಹಕ್ಕಿಗಳ ವಂಶವಾಹಿಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡ ಕ್ರಮವಿದು. ಜೋಳದ ತೆನೆಗೆ ಮುತ್ತುವ ಗಿಳಿಯೇ ಹದ್ದಿಗಿಂತ ಟೆರರ್ ಬರ್ಡ್‌ಗೆ ಹತ್ತಿರವೆಂಬುದು ಇಲ್ಲಿ ಹೊರಬೀಳುತ್ತದೆ, ಮಕ್ಕಳು ನಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಈಗ ಸೀರಿಯೆಮಾದ ಕೊಂಬೆಗೆ ಪಕ್ಕದಲ್ಲಿ ಇನ್ನೊಂದು ರೆಂಬೆ ಸೇರಿಸಿ, ಅದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಟೆರರ್ ಬರ್ಡ್‌ಗಳ ಡಿಎನ್‌ಎ ಸಿಕ್ಕಿಲ್ಲ, ಎಲುಬುಗಳ ಹೋಲಿಕೆಯೊಂದೇ ಆಧಾರವೆಂಬುದು ಆ ಬಣ್ಣದಿಂದಲೇ ತಿಳಿಯಬೇಕು. ಎಲುಬು ಎಷ್ಟು ಮೋಸ ಮಾಡಬಲ್ಲದೆಂಬುದಕ್ಕೆ ಈ ಕುಟುಂಬದ ಮೊದಲ ಹೆಸರೇ ಸಾಕ್ಷಿ: 1887ರಲ್ಲಿ ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಗಿನೊ ಒಂದು ದವಡೆಯ ತುಂಡನ್ನು ನೋಡಿ, ಅದು ಹಲ್ಲಿಲ್ಲದ ಸಸ್ತನಿಯದೆಂದು ಭಾವಿಸಿ ಫೋರಸ್ರಾಕೋಸ್ ಎಂದು ಹೆಸರಿಟ್ಟರು; ಹಕ್ಕಿಯದೆಂದು ಆಮೇಲೆ ತಿಳಿಯಿತು.

ರೆಂಬೆಯ ತುದಿಯಲ್ಲಿ ಎರಡು ಹೆಸರು ಸಾಕು. 2007ರಲ್ಲಿ ವಿವರಿಸಲಾದ ಕೆಲೆಂಕೆನ್‌ನ ತಲೆಬುರುಡೆ ಸುಮಾರು 71 ಸೆಂಟಿಮೀಟರ್. ಅಷ್ಟುದ್ದದ ಗೆರೆಯನ್ನು ಕರಿಹಲಗೆಯ ಮೇಲೆ ಎಳೆದು ತೋರಿಸಿ. ಟೈಟಾನಿಸ್ ಉತ್ತರ ಅಮೆರಿಕದ ಫ್ಲಾರಿಡಾದವರೆಗೂ ತಲುಪಿತ್ತು. ಇವು ಬೇಟೆಯಾಡುತ್ತಿದ್ದ ರೀತಿಯನ್ನು ಮಕ್ಕಳು ಕೇಳಿದರೆ ಸೀರಿಯೆಮಾದ ಕಡೆ ಕೈ ತೋರಿಸಬಹುದು: ಅದು ಹಾವನ್ನೋ ಹಲ್ಲಿಯನ್ನೋ ಕೊಕ್ಕಿನಲ್ಲಿ ಹಿಡಿದು, ಅಗಸರು ಬಟ್ಟೆ ಒಗೆದಂತೆ, ನೆಲಕ್ಕೆ ಬಡಿದು ಕೊಲ್ಲುತ್ತದೆ.

ನಮ್ಮ ಎರೆಭೂತವನ್ನೂ ಬರೆಯಲೇಬೇಕೆಂದು ಮಕ್ಕಳು ಹಟ ಹಿಡಿದರೆ ಕಾಂಡದ ಬುಡದಿಂದಲೇ ಬೇರೊಂದು ಗೆರೆ ಎಳೆದು, ಹಾಳೆಯ ಇನ್ನೊಂದು ಅಂಚಿನಲ್ಲಿ ಕೋಗಿಲೆಯ ನೆರೆಗೆ ಅದನ್ನು ಕೂರಿಸಿ.